ದಪ್ಪಕ್ಷರದ ಸಾಲಿನಲ್ಲಿ ಸಣಕಲು ಏಳು

"ತಲೆ ಜೋಪಾನ!" ಎಂಬ ಕೂಗು ಒಳಗಿನಿಂದ ಬರುವುದಕ್ಕೂ ಅನುಮಾನದಕ್ಕನ ಹಣೆ ಬಾಗಿಲ ಮೇಲಿನ ತೊಲೆಗೆ ಬಡಿಯುವುದಕ್ಕೂ ಸರಿಹೋಯಿತು.

"ಅಯ್ಯಯ್ಯೋ!" ಎಂದು ಹಣೆ ಹಿಡಿದುಕೊಂಡು ಅವಳು ಅಲ್ಲೇ ನಿಂತಳು. ಹೊರಗೆ ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಒಳಗೆ ಅಚ್ಚುಕೂಟದಲ್ಲಿ ನಸುಗತ್ತಲೆ. ಬಿಸಿಲಿನಿಂದ ಬಂದವರ ಕಣ್ಣಿಗೆ ಆ ತೊಲೆ ಕಾಣುವುದೇ ಇಲ್ಲ.

"ಕೂಗೋದು ಚೂರು ತಡ ಆಯ್ತು, ಬೇಜಾರು ಮಾಡ್ಕೋಬೇಡಮ್ಮ," ಎನ್ನುತ್ತಾ ಮುದುಕನೊಬ್ಬ ಕೈಯೊರೆಸಿಕೊಂಡು ಎದ್ದು ಬಂದ. "ಮೊದಲನೇ ಸಲ ಬಂದೋರು ಯಾರೂ ಈ ತೊಲೆಗೆ ಕಪ್ಪ ಕೊಡದೆ ಒಳಗೆ ಬಂದಿಲ್ಲ. ಎರಡನೇ ಸಲ ಯಾರೂ ಕೊಟ್ಟಿಲ್ಲ. ಒಂದೇ ಪೆಟ್ಟಿಗೆ ಎಲ್ಲರಿಗೂ ಬುದ್ಧಿ ಬರುತ್ತೆ."

"ತೊಲೇನ ಎತ್ತರಿಸಬಾರದಾ ಮಾವ?"

"ಎತ್ತರಿಸಿದ್ರೆ ಗೋಡೆ ಬೀಳುತ್ತೆ. ಗೋಡೆ ಬೀಳೋದಕ್ಕಿಂತ ಬುಗುಟೆ ಏಳೋದು ವಾಸಿ."

ಈತನೇ ಮೊಳೆ ಮಾವ. ಅಚ್ಚಿನ ಮೊಳೆ, ಅಂದರೆ ಒಂದೊಂದೇ ಬಿಡಿ ಅಕ್ಷರದ ಅಚ್ಚು, ಜೋಡಿಸುವುದರಲ್ಲೇ ಆಯುಸ್ಸು ಸವೆಸಿದವನು. ಬೇರೆಯವರೆಲ್ಲ ಕಂಪ್ಯೂಟರಿಗೆ ಹೋದರೂ ಊರಿನ ಗೋಡೆ ನೋಟೀಸುಗಳನ್ನು ಈಗಲೂ ಕೈಯಲ್ಲೇ ಜೋಡಿಸಿ, ಕಾಲಲ್ಲಿ ಯಂತ್ರ ತುಳಿದು ಅಚ್ಚು ಹಾಕುವವನು. ಗಡಿಯಾರದಂಗಡಿ ನಡೆಸುತ್ತಿದ್ದ ಗಡಿಯಾರದಜ್ಜನ ಸಾವಿನ ನೋಟೀಸು ಹೊರಟಿದ್ದೂ ಇಲ್ಲಿಂದಲೇ.

ಅಜ್ಜ ಸತ್ತದ್ದು ಮಲಗುವ ಮುಂಚಿನ ಹಾಲಿಗೆ ಯಾರೋ ನಿದ್ದೆಯ ಔಷಧಿಯನ್ನು ಅಳತೆ ಮೀರಿ ಬೆರೆಸಿದ್ದರಿಂದ. ಹಾಲಿನ ಲೋಟ ತಂದುಕೊಟ್ಟವಳು ಕಿರಿಸೊಸೆ, ಗಂಡ ತೀರಿಹೋದ ಮೇಲೂ ಅಜ್ಜನ ಸೇವೆ ಮಾಡಿಕೊಂಡು ಅದೇ ಮನೆಯಲ್ಲಿ ಉಳಿದವಳು. ಸಂಜೆಯೊಳಗೆ ಬೇರೆ ಯಾರತ್ತಲಾದರೂ ಬೆರಳು ತೋರಿಸದಿದ್ದರೆ ಅವಳನ್ನು ಠಾಣೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು. ಅವಳಿಗೊಬ್ಬಳು ಪುಟ್ಟ ಮಗಳು. ತಾಯಿ ಠಾಣೆಗೆ ಹೋದರೆ, ಅಜ್ಜನ ಹಿರಿಮಗನನ್ನು ಬಿಟ್ಟು ಆ ಮಗುವನ್ನು ಎತ್ತಿಕೊಳ್ಳಲು ಯಾರೂ ಇಲ್ಲ.

ಅನುಮಾನದಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ವಿಮಾ ಕಂಪನಿಯಲ್ಲಿದ್ದಾಗ ಸುಟ್ಟುಹೋದ ಗೋದಾಮುಗಳ ಬೂದಿ ಕೆದಕಿ, ಸುಟ್ಟದ್ದು ಸರಕೋ ಬರೀ ಗೋಣಿಚೀಲವೋ ಎಂದು ಹೇಳುತ್ತಿದ್ದವಳು. ಊರು ಸುಮ್ಮನೆ ಆ ಹೆಸರಿಟ್ಟಿರಲಿಲ್ಲ. ಅಂಥವಳೂ ಕಿರಿಸೊಸೆಯನ್ನು ನಂಬಿದ್ದಳು. ಇವತ್ತು ಬೆಳಿಗ್ಗೆ ಸಾವಿನ ನೋಟೀಸು ತೋರಿಸಿ ಕೇಳಿದಾಗ ಆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು, "ಆ ಪ್ರೆಸ್ಸು ಯಾವ ಬೀದೀಲಿದೆ ಅಂತಾನೂ ನಂಗೊತ್ತಿಲ್ಲ ಅಕ್ಕ" ಎಂದಿದ್ದಳು.

"ಏನಮ್ಮ ಅಚ್ಚು ಹಾಕಿಸಬೇಕಿತ್ತು?" ಎಂದ ಮೊಳೆ ಮಾವ.

"ಏನೂ ಇಲ್ಲ. ಹಾಕಿರೋದನ್ನೇ ಸ್ವಲ್ಪ ನೋಡೋಣ ಅಂತ ಬಂದೆ."

ಅವನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀನು ಆ ಅನುಮಾನದಕ್ಕ ಅಲ್ವಾ?"

"ಊರೋರು ಹಾಗಂತಾರೆ. ನಾನೇನೂ ಬೋರ್ಡು ಹಾಕ್ಕೊಂಡಿಲ್ಲ."

"ಹಾಕ್ಕೊಂಡ್ರೆ ಯಜಮಾನನಲ್ಲೇ ಹಾಕಿಸು. ತೆಳ್ಳಗಿನ ಅಕ್ಷರದಲ್ಲಿ ಅನುಮಾನ ಅಂತ ಬರೆದ್ರೆ ಓದೋರಿಗೆ ನಿನ್ನ ಮೇಲೇ ಅನುಮಾನ ಬರುತ್ತೆ."

"ಯಜಮಾನ ಯಾರು?"

ಅಷ್ಟು ಕೇಳಿದ್ದೇ ತಡ, ಮುದುಕನ ಮುಖ ಅರಳಿತು. ಬಾಯಿ ಬಿಡಿಸಬೇಕಾದರೆ ಮೊದಲು ಅವರಿಗೆ ಇಷ್ಟವಾದ ಮಾತೇ ಆಡಿಸಬೇಕು ಎಂಬುದು ಅನುಮಾನದಕ್ಕನ ಹಳೆಯ ಲೆಕ್ಕಾಚಾರ. ಅವಳು ಸ್ಟೂಲು ಎಳೆದುಕೊಂಡು ಕೂತಳು.

ಮೊಳೆ ಮಾವ ಗೋಡೆಗೆ ಒರಗಿದ್ದ ದೊಡ್ಡ ಕೇಸಿನಿಂದ ಮರದ ಖಾನೆಯೊಂದನ್ನು ಎಳೆದ. ಅದರೊಳಗೆ ಅಂಗೈಯಗಲದ ಮರದ ಅಕ್ಷರಗಳು, ವರ್ಷಗಟ್ಟಲೆ ಮಸಿ ಕುಡಿದು ಕಪ್ಪಗೆ ಮಿರುಗುತ್ತಿದ್ದವು. ನೆಟ್ಟಗಿನ ಗೀಟು ಕಂಬದಷ್ಟು ದಪ್ಪ, ಅಡ್ಡ ಗೀಟು ದಾರದಷ್ಟು ತೆಳು. ಪ್ರತಿಯೊಂದರ ಬುಡದಲ್ಲೂ ಎರಡು ಕಡೆಗೆ ಚಾಚಿದ ಪುಟ್ಟ ಪಾದಗಳಿದ್ದವು.

"ನೋಡು, ಹೇಗೆ ಕಾಲೂರಿ ನಿಂತಿದ್ದಾನೆ! ಅದಕ್ಕೇ ಯಜಮಾನ. ನಮ್ಮಪ್ಪ ಇಟ್ಟ ಹೆಸರು. ಈಗಿನ ಅಕ್ಷರಗಳಿಗೆ ಪಾದಾನೇ ಇರಲ್ಲ, ಊದಿದ್ರೆ ಹಾರಿಹೋಗೋ ಥರ ಇರ್ತಾವೆ. ಇವನು ಕಿರುಚೋದಿಲ್ಲಮ್ಮ. ಎದ್ದು ನಿಂತ್ಕೋತಾನೆ ಅಷ್ಟೇ. ಬೀದಿಯ ಆಚೆ ಬದಿಯಲ್ಲಿ ಹೋಗೋನೂ ತಿರುಗಿ ನೋಡ್ತಾನೆ."

"ಯಾವುದಕ್ಕೆಲ್ಲ ಬಳಸ್ತೀರಿ?"

"ಹರಾಜಿಗೆ, ನಾಟಕಕ್ಕೆ, ಅಂಗಡಿ ತೆರೆಯೋದಕ್ಕೆ, ಕಾಣೆಯಾದೋರಿಗೆ, ಸತ್ತೋರಿಗೆ. ಎಲ್ಲಾದಕ್ಕೂ ಇವನೇ. ಇವನಿಗೆ ಅಳೋಕೂ ಬರಲ್ಲ, ನಗೋಕೂ ಬರಲ್ಲ, ಅದಕ್ಕೇ ಎಲ್ಲಾ ಕಡೆ ಸಲ್ಲುತ್ತಾನೆ. ಆದರೆ ಎರಡು ಸಾಲಿಗಿಂತ ಹೆಚ್ಚಿಗೆ ಇವನ ಕೈಲಿ ಮಾತಾಡಿಸಬಾರದು. ಮೂರನೇ ಸಾಲಿಗೆ ಓದೋನಿಗೆ ತಲೆನೋವು. ಮಿಕ್ಕಿದ್ದೆಲ್ಲ ಇವನ ತಮ್ಮ ನೋಡ್ಕೋತಾನೆ." ಪಕ್ಕದ ಖಾನೆ ತೋರಿಸಿದ. ಅಲ್ಲಿದ್ದ ಅಕ್ಷರಗಳು ಅದೇ ಅಚ್ಚಿನವು, ಅವೇ ಪಾದಗಳು, ಮೈ ಮಾತ್ರ ತೆಳುವು.

"ಅಂಕಿಗಳೂ ಇವೆಯಾ ಯಜಮಾನನಲ್ಲಿ?"

"ಇಲ್ಲದೆ? ಆದರೆ ಒಂದೊಂದು ಅಂಕಿಗೆ ಎರಡೇ ಎರಡು. ಅಪ್ಪನ ಕೈಲಿ ಅಷ್ಟೇ ಕೊಳ್ಳೋಕಾಗಿದ್ದು. ಈಗ ಈ ಅಚ್ಚನ್ನ ಕೆತ್ತೋರೂ ಇಲ್ಲ."

ಅನುಮಾನದಕ್ಕ ಬಗ್ಗಿ ಏಳರ ಅಂಕಿ ಎರಡನ್ನೂ ಕೈಗೆತ್ತಿಕೊಂಡಳು. ಒಂದೊಂದೂ ಒಳ್ಳೆ ತೂಕವಿತ್ತು. ತಲೆಯ ಪಟ್ಟಿಯ ತುದಿಯಲ್ಲಿ ಗಿಳಿಮೂಗಿನಂಥ ಕೊಕ್ಕು, ಕೆಳಗೆ ಸೊಂಟ ಸಣ್ಣಗಾಗಿ ಮತ್ತೆ ದಪ್ಪನಾದ ಕಾಲು. ಎಲ್ಲೂ ಒಂದು ಗೀರಿರಲಿಲ್ಲ. ಅವಳು ಅವೆರಡನ್ನೂ ಮಡಿಲಲ್ಲಿಟ್ಟುಕೊಂಡು ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು, ಮಧ್ಯದಲ್ಲಿದ್ದ ಅಗಲವಾದ ಕಲ್ಲಿನ ಮೇಜಿನ ಮೇಲೆ ಹರಡಿದಳು.

ಅದು ಗಡಿಯಾರದಜ್ಜನ ಸಾವಿನ ನೋಟೀಸು. ಅಜ್ಜನ ಹೆಸರು, ಅದರ ಕೆಳಗೆ ವಯಸ್ಸು ಎಪ್ಪತ್ತೇಳು. ಎರಡು ದಪ್ಪನೆಯ ಏಳುಗಳು ಅಕ್ಕಪಕ್ಕ ನಿಂತಿದ್ದವು.

ಮೊಳೆ ಮಾವನ ಅರಳಿದ ಮುಖ ಅಲ್ಲೇ ಮುದುಡಿತು.

"ಚೆನ್ನಾಗಿ ಬಂದಿದೆ ಮಾವ. ಇಷ್ಟು ದೊಡ್ಡದು ಜೋಡಿಸಿ, ಅಚ್ಚು ಹಾಕಿ ಮುಗಿಸೋಕೆ ಎಷ್ಟು ಹೊತ್ತಾಗುತ್ತೆ?"

"ಅರ್ಧ ದಿನ ಅಂತೂ ಬೇಕು," ಎಂದವನು ನಾಲಿಗೆ ಕಚ್ಚಿಕೊಂಡ.

"ಅಜ್ಜ ಹೋಗಿಬಿಟ್ಟಿದ್ದಾರೆ ಅಂತ ಮನೆಯೋರಿಗೆ ಗೊತ್ತಾಗಿದ್ದೇ ಬೆಳಕು ಹರಿದ ಮೇಲೆ. ಬೀದೀಲಿ ಅಂಗಡಿಗಳು ಬಾಗಿಲು ತೆಗೆಯೋಷ್ಟರಲ್ಲಿ ಇದು ಗೋಡೆ ಮೇಲಿತ್ತು."

"ನನ್ನ ಕೈ ಚುರುಕು."

"ಅದೂ ಇರಬಹುದು." ಅವಳು ಚೀಲದಿಂದ ಇನ್ನೊಂದು ಹಾಳೆ ತೆಗೆದಳು. ಚಪ್ಪಲಿ ಅಂಗಡಿಯವನ ರಿಯಾಯಿತಿ ಮಾರಾಟದ ಪೋಸ್ಟರು. "ಇದು ಅಜ್ಜ ಸಾಯೋ ಹಿಂದಿನ ದಿನ ಬೆಳಿಗ್ಗೆ ಅಚ್ಚಾಗಿದ್ದು. ಆಗಿನ್ನೂ ಅವರು ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ರು. ಚಪ್ಪಲಿ ಅಂಗಡಿಯೋರು ನಿಮ್ಮ ಮೇಲೆ ಬೇಜಾರಾಗಿದಾರೆ, ಗೊತ್ತಾ?"

"ಅವನಿಗೇನಂತೆ ರೋಗ?"

"ಏಳನೇ ತಾರೀಖಿನಿಂದ ಅಂತಿದೆಯಲ್ಲ, ಆ ಸಾಲು ಪೂರ್ತಿ ಯಜಮಾನ. ಏಳು ಮಾತ್ರ ತಮ್ಮ. 'ಪೈಲ್ವಾನರ ಸಾಲಲ್ಲಿ ನನ್ನ ಏಳು ಉಪವಾಸ ಬಿದ್ದೋನ ಥರ ನಿಂತಿದೆ ಅಕ್ಕ' ಅಂತ ಅವರು ಹೇಳಿ ನಗಾಡಿದ್ರು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ನಿಂತುಹೋಯ್ತು."

ಮೊಳೆ ಮಾವ ಪೋಸ್ಟರನ್ನು ಕೈಯಿಂದ ಆಚೆ ಸರಿಸಿದ.

"ಯಜಮಾನನ ಏಳು ಎರಡೂ ಆಗ ಎಲ್ಲಿದ್ವು ಮಾವ?"

"ಬಿರುಕು ಬಿಟ್ಟಿದ್ವು. ಅಂಟು ಹಚ್ಚಿ ಒಣಗೋಕೆ ಇಟ್ಟಿದ್ದೆ."

ಅನುಮಾನದಕ್ಕ ಮಡಿಲಲ್ಲಿದ್ದ ಎರಡು ಏಳುಗಳನ್ನೂ ಎತ್ತಿ ಕಲ್ಲಿನ ಮೇಲೆ, ಅವನ ಕೈಯ ಪಕ್ಕದಲ್ಲೇ ಇಟ್ಟಳು. ಬಿರುಕೂ ಇರಲಿಲ್ಲ, ಅಂಟೂ ಇರಲಿಲ್ಲ. ಅವನು ಅವುಗಳನ್ನು ನೋಡಿದ, ಅವಳನ್ನು ನೋಡಿದ, ಕೊನೆಗೆ ಕನ್ನಡಕ ತೆಗೆದು ಕಲ್ಲಿನ ಮೇಲಿಟ್ಟ.

"ನಾಳೆ ಸಾಯೋ ಮನುಷ್ಯನ ವಯಸ್ಸು ನಿಮ್ಮ ಹತ್ರ ಇವತ್ತೇ ಜೋಡಿಸಿ ಕೂತಿತ್ತು," ಎಂದಳು ಅವಳು ದನಿ ಏರಿಸದೆ. "ಹೇಗೆ ಅಂತ ನೀವೇ ಹೇಳಿಬಿಡಿ. ಇನ್‌ಸ್ಪೆಕ್ಟರು ಬಂದು ಕೇಳಿದ್ರೆ ಇಷ್ಟು ನಿಧಾನಕ್ಕೆ ಕೇಳಲ್ಲ."

"ಥೂ, ಅದು ಸಾವಿನ ನೋಟೀಸಲ್ಲಮ್ಮ!" ಎಂದ ಮುದುಕ. "ನನ್ನನ್ನ ಏನಂತ ತಿಳ್ಕೊಂಡೆ ನೀನು? ಬದುಕಿರೋರ ಸಾವು ಜೋಡಿಸ್ತೀನಾ ನಾನು?"

"ಮತ್ತೇನದು?"

ಅವನು ಎದ್ದು, ಮಸಿಯ ಡಬ್ಬಿಗಳ ಹಿಂದಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತಂದ. ಬಿಚ್ಚಿದರೆ ದಾರದಿಂದ ಬಿಗಿದು ಕಟ್ಟಿದ ಮೊಳೆಗಳ ನಾಲ್ಕು ಸಾಲುಗಳು. ತಿರುಗುಮುರುಗಾದ ಅಕ್ಷರ ಅನುಮಾನದಕ್ಕನಿಗೆ ಓದಲಾಗಲಿಲ್ಲ.

"ನಮ್ಮ ಕಸುಬಲ್ಲಿ ಒಂದು ಮಾತಿದೆ," ಎಂದ ಅವನು. "ಶುಭಕ್ಕೆ ಜೋಡಿಸಿದ ಮೊಳೆ ಶುಭಕ್ಕೇ ಮುಗೀಬೇಕು. ಬಿಚ್ಚಬೇಕು, ತೊಳೀಬೇಕು, ಕೇಸಿಗೆ ಹಾಕಬೇಕು. ಆಮೇಲೆ ಅದೇ ಮೊಳೆ ತೆಗೆದು ಸಾವಿಗೆ ಜೋಡಿಸು, ಯಾರೂ ಏನೂ ಅನ್ನಲ್ಲ. ಆದರೆ ಕಟ್ಟಿದ್ದನ್ನ ಕಟ್ಟಿದ ಹಾಗೇ ತಿರುಗಿಸಬಾರದು. ನಾನು ತಿರುಗಿಸಿಬಿಟ್ಟೆ. ಅಜ್ಜ ಹೋದ ದಿನ ಬೆಳಿಗ್ಗೆ ಅವರ ಹಿರಿಮಗ ಓಡಿ ಬಂದು 'ಬೇಗ ಆಗಬೇಕು, ಬೇಗ' ಅಂತ ತಲೆ ಮೇಲೆ ಕೂತ. ಮೊಳೆ ಬಿಗಿದಿಟ್ಟ ಚೌಕಟ್ಟಲ್ಲಿ ಅಜ್ಜನ ಹೆಸರಿತ್ತು, ಎಪ್ಪತ್ತೇಳು ಇತ್ತು. ಅವೆರಡನ್ನೂ ಹಾಗೇ ಬಿಟ್ಟು, ಈ ಸಾಲುಗಳನ್ನ ಕಿತ್ತು, ಸಾವಿನ ಸಾಲು ತುರುಕಿದೆ. ಸೋಮಾರಿತನ, ಮತ್ತೇನೂ ಅಲ್ಲ. ನಮ್ಮಪ್ಪ ಇದ್ದಿದ್ರೆ ಕೈ ಮುರೀತಿದ್ರು. ಕಿತ್ತಿದ್ದನ್ನ ಬಿಚ್ಚೋಕೂ ಮನಸ್ಸು ಬರಲಿಲ್ಲ, ಹೀಗೇ ಮುಚ್ಚಿಟ್ಟೆ."

"ಅಚ್ಚು ತೆಗೆದು ತೋರಿಸಿ ಮಾವ."

ಅವನು ಬಿಟ್ಟುಹೋದ ಜಾಗದಲ್ಲಿ ಅಜ್ಜನ ಹೆಸರಿನ ಮೊಳೆಗಳನ್ನೂ ಎರಡು ಏಳುಗಳನ್ನೂ ಹುಡುಕಿ ಕೂರಿಸಿದ. ಬಿಟ್ಟುಹೋದ ಜಾಗದಲ್ಲಿ ಅಜ್ಜನ ಹೆಸರಿನ ಮೊಳೆಗಳನ್ನೂ ಎರಡು ಏಳುಗಳನ್ನೂ ಹುಡುಕಿ ಕೂರಿಸಿದ. ಮೇಲೆ ಹಾಳೆ ಹಾಸಿ ಅಂಗೈಯಿಂದ ಸಮನಾಗಿ ಒತ್ತಿ, ಮೂಲೆ ಹಿಡಿದು ನಿಧಾನವಾಗಿ ಎತ್ತಿದ.

ಹಸಿ ಮಸಿಯಲ್ಲಿ ಯಜಮಾನ ಎದ್ದು ನಿಂತ. ಅದೇ ಹೆಸರು, ಅದೇ ಎಪ್ಪತ್ತೇಳು. ಆದರೆ ಸುತ್ತಲ ಮಾತೇ ಬೇರೆ.

ಗಡಿಯಾರದಂಗಡಿ ಸೋಮವಾರದಿಂದ ಮತ್ತೆ ತೆರೆಯುತ್ತದೆ. ಎಪ್ಪತ್ತೇಳರ ಕೈಗೆ ರಜೆ, ಗಡಿಯಾರಕ್ಕೆ ರಜೆ ಇಲ್ಲ. ಇನ್ನು ಮುಂದೆ ಅಂಗಡಿಯ ಒಡತಿ ನನ್ನ ಕಿರಿಸೊಸೆ. ಅದರ ಕೆಳಗೆ ಅವಳ ಹೆಸರು, ಅಜ್ಜನ ಹೆಸರಿನಷ್ಟೇ ದಪ್ಪಕ್ಕೆ.

"ರಜೆಯ ಸಾಲು ಅವರದ್ದೇ," ಎಂದ ಮೊಳೆ ಮಾವ. "ಈ ಸ್ಟೂಲ ಮೇಲೇ ಕೂತು ಯೋಚನೆ ಮಾಡಿದ್ರು. ಸೊಸೆ ಹೆಸರು ತಮ್ಮನಲ್ಲಿ ಹಾಕಲಾ ಅಂತ ಕೇಳಿದೆ. 'ಬೇಡಪ್ಪ, ಕೆಲಸ ನನಗಿಂತ ಚೆನ್ನಾಗಿ ಕಲಿತಿದ್ದಾಳೆ, ಕಾಲೂರಿ ನಿಲ್ಲೋ ಅಕ್ಷರದಲ್ಲೇ ಹಾಕು' ಅಂದ್ರು."

ಅನುಮಾನದಕ್ಕನಿಗೆ ಸಂತೋಷವಾಯಿತು, ಅದನ್ನು ಮುಚ್ಚಿಟ್ಟುಕೊಳ್ಳುವ ಗೋಜಿಗೂ ಅವಳು ಹೋಗಲಿಲ್ಲ. "ಮಾವ, ನೀವು ಒಂದು ಜೀವ ಉಳಿಸಿದ್ರಿ! ಅಂಗಡಿ ಹಿರಿಮಗನ ಕೈತಪ್ಪಿ ಹೋಗ್ತಿತ್ತು. ಅದು ಅವನಿಗೆ ಗೊತ್ತಾಗಿದೆ, ರಾತ್ರಿ ಹಾಲಿಗೆ ಕೈ ಹಾಕಿದ್ದಾನೆ. ಅಜ್ಜನ ಜೊತೆ ಕಿತ್ತಾಟ ಆಗಿರಬೇಕು. ಅವನ ಹಣೆ ಮೇಲೆ ಬುಗುಟೆ ಎದ್ದಿದ್ದು ನಾನೇ ನೋಡಿದ್ದೀನಿ. ಎಲ್ಲಿ ಬಿತ್ತು ಅಂದ್ರೆ ಬಾಯೇ ಬಿಡಲಿಲ್ಲ."

"ಬುಗುಟೆನಾ?" ಮೊಳೆ ಮಾವ ತಲೆ ಕೆರೆದುಕೊಂಡ. "ಅದು ಇಲ್ಲಾಗಿದ್ದಮ್ಮ. ಆವತ್ತು ಬೆಳಿಗ್ಗೆ ಅವನು ಓಡಿ ಬಂದ ಅಂದೆನಲ್ಲ, ಬಂದ ರಭಸಕ್ಕೆ ತೊಲೆಗೆ ಚಚ್ಚಿಸಿಕೊಂಡ. ಅಪ್ಪ ಸತ್ತ ದಿನ ಹಣೆ ಹಿಡ್ಕೊಂಡು ಕುಣಿದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಇರಬೇಕು."

ಅನುಮಾನದಕ್ಕ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಮೊದಲನೇ ಸಲ ಬಂದವರಿಗೆ ಮಾತ್ರ ಏಟು. ಹಾಗಾದರೆ ಹಿರಿಮಗ ಅದಕ್ಕೆ ಮುಂಚೆ ಈ ಕಡೆ ತಲೆಯೇ ಹಾಕಿರಲಿಲ್ಲ. ಈ ಸಾಲುಗಳನ್ನು ಅವನು ಕಂಡಿರಲಿಕ್ಕಿಲ್ಲ. ಅಷ್ಟು ಹೊತ್ತು ಕಟ್ಟಿದ ಗೋಪುರದ ಬುಡದ ಕಲ್ಲೇ ಜಾರಿತ್ತು.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಮೊದಲೇ ಹೊಳೆಯಬೇಕಾಗಿತ್ತು.

"ಮಾವ, ಚಪ್ಪಲಿ ಪೋಸ್ಟರು ಹಾಕೋ ಹೊತ್ತಿಗೇ ಇದು ಜೋಡಿಸಿ ತಯಾರಿತ್ತು. ಮಧ್ಯಾಹ್ನ ಅಚ್ಚು ಹಾಕಿ ಸಂಜೆಗೆ ಗೋಡೆಗೆ ಅಂಟಿಸಬಹುದಿತ್ತು. ಮಾರನೇ ದಿನ ಬೆಳಿಗ್ಗೆವರೆಗೂ ಯಾಕೆ ಹಾಗೇ ಕೂತಿತ್ತು?"

ಮೊಳೆ ಮಾವ ರೋಲರನ್ನು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹಾಕಬೇಡಿ ಅಂದ್ರು."

"ಅಜ್ಜನಾ?"

"ಅಲ್ಲ. ಅವರ ಮನೆಯಿಂದ ಒಬ್ಬರು ಬಂದಿದ್ರು. ಚೌಕಟ್ಟಲ್ಲಿದ್ದದ್ದನ್ನ ಓದಿಸಿಕೊಂಡ್ರು. ಆಮೇಲೆ 'ಇವತ್ತೊಂದು ದಿನ ತಡೀರಿ, ನಾಳೆ ನೋಡೋಣ' ಅಂದ್ರು. ಅಜ್ಜನಿಗೂ ಹೇಳಬೇಡಿ ಅಂತ ಕೈ ಮುಗಿದ್ರು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ತಡೀರಿ ಎಂದವರಿಗೆ ನಾಳೆ ಆ ನೋಟೀಸು ಬೇಕಾಗುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಆ ಮನೆಯಲ್ಲಿದ್ದವರು ಅಜ್ಜ, ಹಿರಿಮಗ, ಕಿರಿಸೊಸೆ ಮತ್ತು ಇನ್ನೂ ಸರಿಯಾಗಿ ಮಾತು ಬಾರದ ಒಂದು ಮಗು. ಅನುಮಾನದಕ್ಕನ ಮನಸ್ಸು ಆ ಲೆಕ್ಕ ಮಾಡಲು ಒಲ್ಲೆ ಎಂದಿತು. ಅಜ್ಜನ ಗೆಳೆಯರಿರಬಹುದು, ನೆಂಟರಿರಬಹುದು, ಪಕ್ಕದ ಮನೆಯವರಿರಬಹುದು.

"ಮಾತು ದೊಡ್ಡದೇ ಮಾವ, ಇಲ್ಲ ಅನ್ನಲ್ಲ. ಆದರೆ ಸಂಜೆಗೆ ಒಬ್ಬಳು ತಾಯೀನ ಠಾಣೆಗೆ ಕರ್ಕೊಂಡು ಹೋಗ್ತಾರೆ. ಏನೂ ಅರಿಯದ ಹುಡುಗಿ. ನೀವು ಆ ಹೆಸರು ಹೇಳಿದ್ರೆ ಅವಳು ಉಳ್ಕೋತಾಳೆ."

ಮುದುಕ ಅವಳನ್ನು ವಿಚಿತ್ರವಾಗಿ ನೋಡಿದ. ಅವನ ಕಣ್ಣಲ್ಲಿದ್ದದ್ದು ಕೋಪವಲ್ಲ, ಮರುಕ. ಬಾಯಿ ತೆರೆದ, ಅವಳ ಭುಜದಾಚೆ ಬಾಗಿಲ ಕಡೆ ಏನನ್ನೋ ಕಂಡು ಹಾಗೇ ಮುಚ್ಚಿದ.

ಅನುಮಾನದಕ್ಕ ಹಸಿ ಹಾಳೆಯನ್ನು ಬೋರಲು ಹಾಕಿ ತಿರುಗಿದಳು. ಹೊರಗಿನ ಬಿಸಿಲಿಗೆ ಬೆನ್ನು ಕೊಟ್ಟು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಿರಿಸೊಸೆ ನಿಂತಿದ್ದಳು.

"ಅಕ್ಕ, ನೀವು ಇಲ್ಲಿದ್ದೀರಿ ಅಂತ ಚಪ್ಪಲಿ ಅಂಗಡಿಯೋರು ಹೇಳಿದ್ರು. ಇನ್‌ಸ್ಪೆಕ್ಟರು ಆಗಲೇ ಮನೆಗೆ ಬಂದು ಕೂತಿದ್ದಾರೆ. ಏನಾದರೂ ಸಿಕ್ತಾ?"

ಆ ಹುಡುಗಿ ಅನುಮಾನದಕ್ಕನಿಗಿಂತ ಒಂದು ಗೇಣು ಎತ್ತರ. ಅನುಮಾನದಕ್ಕ ಅವಳನ್ನೇ ನೋಡುತ್ತಾ, ಉಸಿರು ಬಿಗಿಹಿಡಿದು ನಿಂತಳು. ತೊಲೆಗೆ ಹೊಡೆಸಿಕೊಳ್ಳಲಿ, ದೇವರೇ, ಹೊಡೆಸಿಕೊಂಡು ಅಯ್ಯೋ ಎನ್ನಲಿ ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಹಣೆಗೆ ಪೆಟ್ಟು ಬೇಡಿಕೊಂಡಳು.

ಮೊಳೆ ಮಾವ ತಲೆ ಜೋಪಾನ ಎಂದು ಕೂಗಲಿಲ್ಲ.

ಕಿರಿಸೊಸೆ ಒಂದು ಕೈಯಿಂದ ಮಗುವಿನ ತಲೆಯನ್ನು ಎದೆಗೊತ್ತಿಕೊಂಡು, ಮೇಲೆ ನೋಡದೆಯೇ ಸರಿಯಾಗಿ ತೊಲೆಯ ಅಳತೆಗೆ ಬಗ್ಗಿ ಒಳಗೆ ಬಂದಳು.